ಅದಲು ಬದಲಿನ ಭಾನುವಾರ

ಏಪ್ರಿಲ್ 11, ಶನಿವಾರ

ಫಿಸಿಯೋ ಹುಡುಗಿ ಈ ನೋಟ್‌ಬುಕ್ ಕೊಟ್ಟಿದ್ದಾಳೆ. ದಿನಾ ನೋವು ಎಷ್ಟಿತ್ತು, ಯಾವಾಗ ಬಂತು ಎಂದು ಬರೆಯಬೇಕಂತೆ. ಇವತ್ತು ಕಾಲಿನಲ್ಲಿ ಕಡಿಮೆ, ತಲೆಯಲ್ಲಿ ಜಾಸ್ತಿ.

ಇಪ್ಪತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನನ್ನು ಲಿಫ್ಟೇ ಇಲ್ಲದ ಕಟ್ಟಡದ ಎರಡನೇ ಮಹಡಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಮುಂದೆ ಷಡ್ಡಕ, ಹಿಂದೆ ಪಕ್ಕದ ಮನೆಯ ಮೇಷ್ಟ್ರು. ಒಂದೊಂದು ಮೆಟ್ಟಿಲಿಗೂ ಮೇಷ್ಟ್ರು ನನಗೆ "ಹುಷಾರು, ಹುಷಾರು" ಎನ್ನುತ್ತಿದ್ದರು. ಹುಷಾರಾಗಿರಬೇಕಾದವರು ಅವರು. ನಾನು ಮೂಟೆ.

ಇದು ಅತ್ತೆಯ ಮನೆ. ನಮ್ಮ ಮನೆಯಲ್ಲಿ ನಾವಿಬ್ಬರೇ. ಹೆಂಡತಿ ಕೆಲಸಕ್ಕೆ ಹೋದರೆ ನನಗೊಂದು ಲೋಟ ನೀರು ಕೊಡುವವರಿಲ್ಲ. ಆದ್ದರಿಂದ ಅವಳೂ ರಜೆ ಹಾಕಿ, ಪ್ಲಾಸ್ಟರ್ ಬಿಚ್ಚುವವರೆಗೆ ಇಬ್ಬರೂ ಇಲ್ಲೇ ಇರುವುದೆಂದು ತಾಯಿ ಮಗಳು ಸೇರಿ ತೀರ್ಮಾನಿಸಿದರು. ನನ್ನನ್ನು ಕೇಳಿದ್ದು ದಿಂಬು ಒಂದು ಸಾಕೋ ಎರಡು ಬೇಕೋ ಎಂದು ಮಾತ್ರ.

ಬಂದದ್ದೂ ಸರಿಯಾಗಿ ಶಾಲೆಗೆ ರಜೆ ಬಿಟ್ಟ ವಾರ. ಪ್ರತಿ ವರ್ಷ ಈ ಹೊತ್ತಿಗೆ ಹೆಂಡತಿಯ ಅಕ್ಕ, ಭಾವ, ಅವರ ಮಗಳು ಎಲ್ಲರೂ ಇಲ್ಲಿ ಸೇರಿ 'ಅದಲು ಬದಲು' ಎಂದು ಏನೋ ಮಾಡುತ್ತಾರೆ. ಹನ್ನೊಂದು ವರ್ಷ ಡ್ಯೂಟಿಯ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಓಡೋಣವೆಂದರೆ ಕಾಲೇ ಇಲ್ಲ.

ಷಡ್ಡಕ ಪ್ರೆಸ್ಸೊಂದರಲ್ಲಿ ಕರಡು ತಿದ್ದುತ್ತಾರೆ. ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್. ಹೇಗಾಯಿತೆಂದು ಕೇಳಿದರು. "ನಾನು ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದು ಕೆಲಸ ಮಾಡ್ತಿದ್ದೆ ಭಾವ. ಕಟ್ಟಡದ ವಾಚ್‌ಮನ್ ನಿದ್ದೆಗಣ್ಣಲ್ಲಿ ಎದ್ದು ಮೇನ್ ಹಾಕ್ಬಿಟ್ಟ. ಲಿಫ್ಟ್ ತಲೆ ಮೇಲೇ ಇಳೀತು, ತಪ್ಪಿಸ್ಕೊಳ್ಳೋಕೆ ಹೋಗಿ ಬಿದ್ದು ಕಾಲು ಮುರ್ಕೊಂಡೆ," ಎಂದೆ. ಅವರು ತುಟಿ ಲೊಚಗುಟ್ಟಿದರು. ಅವರ ಮಗಳು ಬಾಗಿಲಿಗೆ ಅಂಟಿಕೊಂಡು ನಿಂತು ನನ್ನ ಪ್ಲಾಸ್ಟರನ್ನೇ ನೋಡುತ್ತಿದ್ದಳು.

ಏಪ್ರಿಲ್ 13, ಸೋಮವಾರ

ತಿಂಡಿ ಮುಗಿದ ಮೇಲೆ ಸ್ಟೀಲ್ ಡಬ್ಬಿಯೊಂದು ಮನೆಯ ಆರೂ ಜನರ ಮುಂದೆ ಬಂತು. ಒಳಗೆ ಆರು ಚೀಟಿ.

"ಆಟಕ್ಕೆ ನಾನು ಬರಲ್ಲ," ಎಂದೆ.

"ಆಟ ಅಲ್ಲ ಚಿಕ್ಕಪ್ಪ, ಅದಲು ಬದಲು," ಎಂದಳು ಷಡ್ಡಕನ ಮಗಳು. ಹತ್ತು ವರ್ಷ. ಹುಟ್ಟಿದಾಗ ಹಗಲೂ ರಾತ್ರಿ ಕುಯ್ಯೋ ಎನ್ನುತ್ತಿದ್ದಳಂತೆ, ಅದಕ್ಕೇ ಎಲ್ಲರೂ ಕರೆಯುವುದು ಪಿಟೀಲು. ಈಗಲೂ ಹೆಸರಿಗೆ ಮೋಸವಿಲ್ಲ.

ನಿಯಮಗಳನ್ನು ಅವಳೇ ಹೇಳಿದಳು. ಇವತ್ತು ಚೀಟಿ ಎತ್ತುವುದು. ಯಾರು ಬಂದರೆಂದು ಬಾಯಿ ಬಿಡುವ ಹಾಗಿಲ್ಲ. ವಾರವಿಡೀ ಆ ವ್ಯಕ್ತಿಯನ್ನು ಗಮನಿಸಬೇಕು. ಭಾನುವಾರ ಬೆಳಗಿನ ಕಾಫಿಯಿಂದ ಸಂಜೆ ದೀಪ ಹಾಕುವವರೆಗೆ ಅವರೇ ಆಗಬೇಕು: ಅವರ ಕುರ್ಚಿ, ಅವರ ಕೆಲಸ, ಅವರ ಮಾತು. ನಮ್ಮ ಪಾತ್ರ ಮಾಡುವವರನ್ನು ನಾವು ತಿದ್ದುವ ಹಾಗಿಲ್ಲ. ಕೋಪ ಮಾಡಿಕೊಳ್ಳುವ ಹಾಗಂತೂ ಇಲ್ಲವೇ ಇಲ್ಲ.

"ಯಾಕೆ?"

"ಮೊದಲಿಂದಲೂ ಹಾಗೇ," ಎಂದರು ಎಲ್ಲರೂ ಒಟ್ಟಿಗೆ.

ಐವತ್ತು ವರ್ಷದ ಕರಡು ತಿದ್ದುವವರು, ಅರವತ್ತೆಂಟರ ಅತ್ತೆ, ಆಫೀಸಿನಲ್ಲಿ ಹತ್ತು ಜನರನ್ನು ನಡುಗಿಸುವ ನನ್ನ ಹೆಂಡತಿ, ಒಬ್ಬರಿಗೂ ಇದು ವಿಚಿತ್ರ ಎನಿಸುವುದಿಲ್ಲ! ನಾನು ಬೆಳೆದ ಮನೆಯಲ್ಲಿ ರಜೆ ಎಂದರೆ ಅಪ್ಪ ಮಲಗಿರುವಾಗ ಸದ್ದು ಮಾಡದಿರುವುದು. ಅದಾದರೂ ಅರ್ಥವಾಗುವ ಪದ್ಧತಿ.

ಎತ್ತಿದೆ. ನನಗೆ ಬಂದದ್ದು ಅತ್ತೆ. ತಲೆ ಚಚ್ಚಿಕೊಳ್ಳೋಣವೆನಿಸಿತು.

ಏಪ್ರಿಲ್ 14, ಮಂಗಳವಾರ

ಪ್ಲಾಸ್ಟರಿನ ಒಳಗೆ ನವೆ. ಸ್ಕೇಲು ತೂರಿಸಿದರೂ ಸಿಗದ ಜಾಗದಲ್ಲಿ.

ಮೇಷ್ಟ್ರು ಬಂದು ಒಂದೂವರೆ ಗಂಟೆ ಕೂತರು. ಅವರಿಗೂ ಹೇಳಬೇಕಾಯಿತು. ವಾಚ್‌ಮನ್ ಫೋನಿನಲ್ಲಿ ಯಾರ ಜೊತೆಗೋ ಹರಟುತ್ತಾ ಹಿಂದೆ ಮುಂದೆ ನೋಡದೆ ಮೇನ್ ಹಾಕಿದ್ದು. "ಈಗಿನ ಕಾಲದಲ್ಲಿ ಎಲ್ಲಾ ಫೋನೇ ಬಿಡಿ," ಎಂದರು. ಪಿಟೀಲು ನೆಲದ ಮೇಲೆ ಕೂತು ಏನೋ ಗೀಚುತ್ತಿದ್ದಳು.

ಈ ಮನೆಯ ಫ್ಯಾನು ಕಟಕಟ ಎನ್ನುತ್ತದೆ. ಯಾರೂ ಸರಿ ಮಾಡಿಸುವುದಿಲ್ಲ. ಇವರಿಗೆ ಕೇಳಿಸುವುದೂ ಇಲ್ಲ.

ಏಪ್ರಿಲ್ 16, ಗುರುವಾರ

ನನ್ನ ಚೀಟಿ ಯಾರಿಗೆ ಬಂದಿದೆ ಎಂದು ಯಾರೂ ಹೇಳಬೇಕಿಲ್ಲ. ಕಾಫಿ ಕುಡಿಯುತ್ತಿದ್ದರೆ ಪಿಟೀಲು ಎದುರಿಗೆ ಕೂತು ನನ್ನ ಹುಬ್ಬು ನೋಡುತ್ತಾಳೆ. ಊರುಗೋಲು ಹಿಡಿದು ಬಚ್ಚಲಿಗೆ ಹೊರಟರೆ ಹಿಂದೆಯೇ ಬಂದು ಬಾಗಿಲವರೆಗೆ ಹೆಜ್ಜೆ ಎಣಿಸುತ್ತಾಳೆ. ಕೈಯಲ್ಲಿ ಒಂದು ಚಿಕ್ಕ ಪುಸ್ತಕ.

"ಏನೇ ಅದು?"

"ಏನಿಲ್ಲ ಚಿಕ್ಕಪ್ಪ. ನೀವು 'ಥೂ' ಅನ್ನೋದು ಬಲಗಡೆ ತಿರುಗಿ, ಅಲ್ವಾ?"

ಮೈಯೆಲ್ಲ ಉರಿದುಹೋಯಿತು.

ಫಿಸಿಯೋ ಹುಡುಗಿ ಬಂದು ತೊಡೆ ಬಿಗಿ ಹಿಡಿಸಿ ಬಿಡಿಸಿ ಮಾಡಿದಳು. ಬೀಳುವಾಗ ಕಾಲು ಯಾವ ಕಡೆ ತಿರುಗಿತೆಂದು ಕೇಳಿದಳು. ನಾನು ಗುಂಡಿಯೊಳಗಿಂದ ಬೇಡ ಬೇಡ ಎಂದು ಕೂಗುತ್ತಲೇ ಇದ್ದೆ, ಆ ಮನುಷ್ಯ ಕೇಳಿಸಿಕೊಂಡೂ ಹಾಕಿದ ಎಂದೆ. "ಅಯ್ಯೋ, ಎಂಥಾ ಜನ ಸರ್," ಎಂದಳು. ಕಾಲು ಯಾವ ಕಡೆ ತಿರುಗಿತೆಂದು ಹೇಳಲು ಮರೆತೆ.

ಮಧ್ಯಾಹ್ನ ಅತ್ತೆಯ ಪಕ್ಕ ಕೂರಲೇಬೇಕಾಯಿತು, ಗಮನಿಸಬೇಕಲ್ಲ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಬೂದುಬಣ್ಣದ ಶಾಲು, ದಾರ ಕಟ್ಟಿದ ಕನ್ನಡಕ, ತೊಡೆಯ ಮೇಲೆ ಬಟಾಣಿಯ ಮೊರ. ಯಾರು ಏನು ಹೇಳಿದರೂ "ಹೂಂ, ಆಮೇಲೆ?" ಎನ್ನುತ್ತಾರೆ. ಬೇರೆ ಮಾತೇ ಇಲ್ಲ. ಇವರ ಪಾತ್ರ ಮಾಡಲು ಒಂದು ವಾರ ಯಾಕೆ ಬೇಕು?

ಈ ಅದಲು ಬದಲು ಎಲ್ಲಿಂದ ಬಂತೆಂದು ಕೇಳಿಯೇಬಿಟ್ಟೆ.

"ರಾತ್ರಿ ಪಾಳಿ ಮುಗಿಸಿ ಬಂದಿದ್ದೆ. ಇವಕ್ಕೆ ರಜ, ಇಬ್ಬರೂ ಜಡೆ ಹಿಡ್ಕೊಂಡು ಜಗಳ. ನಂಗೆ ಕಣ್ಣು ಬಿಡೋಕೂ ಆಗ್ತಿರಲಿಲ್ಲ. ಇವತ್ತು ದೊಡ್ಡೋಳು ಅಮ್ಮ, ನಾನು ಮಗು, ನನ್ನ ಎಬ್ಬಿಸ್ಬೇಡಿ ಅಂತ ಮಲಗ್ಬಿಟ್ಟೆ. ಎದ್ದು ನೋಡ್ತೀನಿ, ದೊಡ್ಡೋಳು ಚಿಕ್ಕೋಳಿಗೆ ಬೈತಾ ಇದ್ದಾಳೆ. ನನ್ನ ಮಾತಲ್ಲೇ. ಅಂಥಾ ಮಾತು ನನ್ನ ಬಾಯಲ್ಲಿ ಬರುತ್ತೆ ಅಂತ ನಂಗೆ ಗೊತ್ತಾಗಿದ್ದೇ ಅವತ್ತು."

"ಇಷ್ಟೇನಾ?"

"ಇಷ್ಟೇ. ಸ್ವಲ್ಪ ಬಟಾಣಿ ಸುಲೀತೀರಾ ಅಳಿಯಂದ್ರೇ?"

ಸುಲಿದೆ. ಬೇರೆ ಕೆಲಸವೇನಿದೆ ನನಗೆ.

ಏಪ್ರಿಲ್ 18, ಶನಿವಾರ

ಸೂಪರ್‌ವೈಸರ್ ಫೋನ್ ಮಾಡಿದ್ದರು. ಮಂಗಳವಾರ ಬರುತ್ತಾರಂತೆ. "ಆಸ್ಪತ್ರೆಯಲ್ಲಿ ನೀವು ಹೇಳಿದ್ದನ್ನೆಲ್ಲ ಬರೆಸಿದ್ದೀನಿ, ಸೈನ್ ಹಾಕಿದ್ರೆ ಸಾಕು. ಆ ವಾಚ್‌ಮನ್ನ ಸದ್ಯಕ್ಕೆ ನಿಲ್ಲಿಸಿದ್ದಾರೆ. ನಿಮ್ಮ ಸೈನ್ ಬಿದ್ರೆ ಪೂರ್ತಿ ತೆಗೀತಾರೆ," ಎಂದರು.

ಫೋನಿಟ್ಟ ಮೇಲೆ ಹೆಂಡತಿ ಬಟ್ಟೆ ಮಡಿಸುತ್ತಾ, "ಅವರಿಗೆ ಐವತ್ತೆಂಟಂತೆ," ಎಂದಳು.

"ಯಾರಿಗೆ?"

"ವಾಚ್‌ಮನ್‌ಗೆ. ಆಸ್ಪತ್ರೆಗೆ ಬಂದಿದ್ರು, ನೀವು ಮಲಗಿದ್ರಿ. ಬಾಗಿಲಲ್ಲೇ ನಿಂತು ನೋಡಿ ಹೋದ್ರು."

"ಅದಕ್ಕೆ ನಾನೇನ್ ಮಾಡ್ಲಿ? ಕಾಲು ಮುರಿದಿದ್ದು ಅವನ್ದಾ ನನ್ದಾ?"

ಅವಳು ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಗುಂಡಿಯಲ್ಲಿ ಕೈಗೆಟಕುವ ಹಾಗೆ ಒಂದು ಕೆಂಪು ಸ್ವಿಚ್ ಇರುತ್ತದೆ. ಇಳಿದ ಕೂಡಲೇ ಅದನ್ನು ಒತ್ತಿದರೆ, ಮೇಲೆ ಯಾರು ಏನು ಹಾಕಿದರೂ ಲಿಫ್ಟ್ ಅಲುಗುವುದಿಲ್ಲ. ಅವತ್ತು ಒತ್ತಿದೆನೋ ಇಲ್ಲವೋ, ಈಗ ಯಾರಿಗೆ ನೆನಪಿರುತ್ತದೆ. ಸಾವಿರಾರು ಸಲ ಇಳಿದಿದ್ದೇನೆ.

ಫ್ಯಾನಿನ ಸದ್ದು ಇವತ್ತು ಇನ್ನೂ ಜಾಸ್ತಿ.

ಏಪ್ರಿಲ್ 19, ಭಾನುವಾರ

ಇವತ್ತಿನದನ್ನು ಬರೆಯಲು ಇಷ್ಟವಿಲ್ಲ. ಆದರೂ ಬರೆದೇ ಬಿಡುತ್ತೇನೆ.

ಬೆಳಿಗ್ಗೆ ಎದ್ದು ಬಂದರೆ ಕಿಟಕಿಯ ಪಕ್ಕದ ನನ್ನ ಕುರ್ಚಿಯಲ್ಲಿ ಪಿಟೀಲು. ಕಾಲಿಗೆ ಬಿಳಿ ದುಪ್ಪಟಿ ಸುತ್ತಿ ಸ್ಟೂಲಿನ ಮೇಲೆ ಚಾಚಿದ್ದಾಳೆ. ಕಂಕುಳಲ್ಲಿ ಊರುಗೋಲಿನ ಬದಲು ಛತ್ರಿ. ಕಾಫಿ ಕೈಗೆ ಬರುವ ಮೊದಲೇ "ತಣ್ಣಗಿದೆ" ಎಂದಳು. ಬಲಗಡೆ ತಿರುಗಿ "ಥೂ, ಈ ಫ್ಯಾನು" ಎಂದಳು. ಮನೆಯೆಲ್ಲ ನಗು.

ನಾನು ಅತ್ತೆಯ ಶಾಲು ಹೊದ್ದು, ಕನ್ನಡಕ ಏರಿಸಿ, ಮೊರ ಹಿಡಿದು ಕೂತೆ. ಅತ್ತೆಗೆ ಪಿಟೀಲು ಬಂದಿದ್ದಳು. ಅರವತ್ತೆಂಟು ವರ್ಷದ ಹೆಂಗಸು ನೆಲದಲ್ಲಿ ಕಾಲು ಬಡಿದು "ನಂಗೆ ಬೇಡಾ" ಎಂದು ರಾಗ ಎಳೆಯುತ್ತಿದ್ದರೆ ಯಾರಿಗಾದರೂ ನಗು ಬರುತ್ತದೆ. ನನಗೂ ಬಂತು, ಅದನ್ನು ಬಚ್ಚಿಡುವುದೇನು. ಷಡ್ಡಕ ತಮ್ಮ ಹೆಂಡತಿಯ ಹಾಗೆ ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡು ಎಲ್ಲರ ಹಿಂದೆ ಎಲ್ಲರ ಲೋಟ ಎತ್ತುತ್ತಾ ಓಡಾಡಿದರು. ನನ್ನ ಹೆಂಡತಿ ಷಡ್ಡಕ. ಕಿವಿಯ ಮೇಲೆ ಕೆಂಪು ಪೆನ್ಸಿಲ್, ಪೇಪರು ಬಿಡಿಸಿ ಗಂಟಲು ಕೆರೆದು ತಪ್ಪು ಹುಡುಕುವುದು.

ಅವಳ ಅಕ್ಕ ಮಾಡಿದ್ದು ನನ್ನ ಹೆಂಡತಿಯನ್ನು. ಅತ್ತಿಗೆ ಹೆಚ್ಚೇನೂ ಮಾಡಲಿಲ್ಲ. ಏನಾದರೂ ಹೇಳಲು ಬಾಯಿ ತೆರೆಯುವುದು, ಕುರ್ಚಿಯಲ್ಲಿದ್ದ ಪಿಟೀಲಿನ ಮುಖ ಒಮ್ಮೆ ನೋಡುವುದು, ಬಾಯಿ ಮುಚ್ಚುವುದು. ಪ್ರತಿ ಸಲವೂ. ನನ್ನ ಹೆಂಡತಿ ಹಾಗೆಲ್ಲ ಮಾಡುವುದಿಲ್ಲ ಎಂದು ಹೇಳೋಣವೆಂದಿದ್ದೆ, ತಿದ್ದುವ ಹಾಗಿಲ್ಲವಲ್ಲ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಹನ್ನೆರಡರ ಹೊತ್ತಿಗೆ ಮೇಷ್ಟ್ರು ಬಂದರು. ಪ್ರತಿ ವರ್ಷ ನೋಡಲು ಬರುತ್ತಾರಂತೆ. "ಎಲ್ಲಿ, ಅಜ್ಜಿ ಮಾತೇ ಆಡ್ತಿಲ್ಲ!" ಎಂದು ನನ್ನನ್ನು ಕೆಣಕಿದರು. ಏನಾದರೂ ಆಡಿ ಮುಗಿಸಿಬಿಡೋಣವೆಂದು ನಾನು ಬಟಾಣಿ ಸುಲಿಯುತ್ತಾ ಪಿಟೀಲನ್ನು ಕೇಳಿದೆ: "ಕಾಲು ಹೇಗಿದೆ ಅಳಿಯಂದ್ರೇ? ಹೇಗಾಯ್ತು ಅದು?"

ಅವಳು ನಿಟ್ಟುಸಿರು ಬಿಟ್ಟಳು. ನನ್ನದೇ ನಿಟ್ಟುಸಿರು. "ಏನ್ ಹೇಳ್ಲಿ ಭಾವ. ವಾಚ್‌ಮನ್ ನಿದ್ದೆಗಣ್ಣಲ್ಲಿ ಎದ್ದು ಮೇನ್ ಹಾಕ್ಬಿಟ್ಟ."

"ಹೂಂ, ಆಮೇಲೆ?" ಅತ್ತೆ ಎಂದರೆ ಇಷ್ಟೇ ತಾನೇ. ಅಂದೆ.

ಅವಳು ಮೇಷ್ಟ್ರ ಕಡೆ ತಿರುಗಿದಳು. "ಫೋನಲ್ಲಿ ಹರಟ್ತಾ ಇದ್ದ ಮೇಷ್ಟ್ರೇ. ಹಿಂದೆ ಮುಂದೆ ನೋಡ್ದೆ ಹಾಕ್ದ."

"ಹೌದು ಹೌದು, ನಂಗೆ ಹಾಗೇ ಹೇಳಿದ್ರು!" ಮೇಷ್ಟ್ರು ತೊಡೆ ತಟ್ಟಿಕೊಂಡರು.

ಆಮೇಲೆ ಎಂದು ನಾನು ಕೇಳಲಿಲ್ಲ. ಅವಳು ಪುಸ್ತಕ ನೋಡಿಕೊಂಡು ತಾನೇ ಮುಂದುವರಿಸಿದಳು. ಯಾರೂ ಇಲ್ಲದ ಕಡೆ ತಿರುಗಿ, ದನಿ ಇನ್ನಷ್ಟು ನೊಂದಂತೆ ಮಾಡಿಕೊಂಡು: "ನಾನು ಬೇಡ ಬೇಡ ಅಂತ ಕೂಗ್ತಾನೇ ಇದ್ದೆ ಕಣಮ್ಮ. ಕೇಳಿಸ್ಕೊಂಡೂ ಹಾಕ್ದ. ಇದು ಫಿಸಿಯೋ ಅಕ್ಕಂಗೆ."

ನಗು ಜೋರಾಯಿತು. ಹೆಂಡತಿ ಕಿವಿಯಿಂದ ಕೆಂಪು ಪೆನ್ಸಿಲ್ ತೆಗೆದು, ಷಡ್ಡಕನ ದನಿಯಲ್ಲಿ, "ಒಂದೇ ವಿಷಯಕ್ಕೆ ಮೂರು ಪಾಠಾಂತರ ಇದೆಯಲ್ಲಪ್ಪಾ. ಯಾವುದನ್ನ ಅಚ್ಚಿಗೆ ಕಳಿಸೋಣ?" ಎಂದಳು.

ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಅವಳದೇ ಆಗಿಬಿಟ್ಟಿತು. ಪೆನ್ಸಿಲ್ ಕೈಯಲ್ಲೇ ಉಳಿಯಿತು. ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಮೇಷ್ಟ್ರು ಕೊನೆಯವರು.

"ಸಾಕು ನಿಲ್ಸೇ! ದೊಡ್ಡೋರ ಮಾತು ಕದ್ದು ಕೇಳೋದನ್ನ ಕಲಿಸ್ತಾರಾ ನಿಂಗೆ ಇಲ್ಲಿ?" ಎಂದು ನಾನು ಕೂಗಿದ್ದು ಬೀದಿಗೂ ಕೇಳಿರಬೇಕು. ಶಾಲು ಕಿತ್ತೆಸೆದೆ. ಮೊರ ಮಗುಚಿ ಬಟಾಣಿ ಮನೆ ತುಂಬ ಉರುಳಿತು. ಎದ್ದು ಹೋಗಲು ಊರುಗೋಲು ದೂರದಲ್ಲಿತ್ತು, ಯಾರೂ ಕೊಡಲಿಲ್ಲ. ಎಲ್ಲರೆದುರು ಅಲ್ಲೇ ಕೂತಿರಬೇಕಾಯಿತು.

ಪಿಟೀಲಿನ ತುಟಿ ಅದುರಿತು. "ನಾನು ತಪ್ಪು ಹೇಳಿದ್ನಾ ಚಿಕ್ಕಪ್ಪ? ನೀವು ಹಾಗೇ ಹೇಳಿದ್ರಲ್ಲ. ಬರ್ಕೊಂಡಿದ್ದೀನಿ."

ಅತ್ತೆ ನೆಲದಿಂದ ಮಂಡಿ ಹಿಡಿದು ಎದ್ದರು. ಹೋಗಿ ಹಾಲಿನ ದೀಪದ ಸ್ವಿಚ್ ಹಾಕಿದರು. ಕಿಟಕಿಯಲ್ಲಿ ಕಣ್ಣು ಕುಕ್ಕುವ ಬಿಸಿಲು, ಮೇಲೆ ಟ್ಯೂಬ್‌ಲೈಟು.

"ದೀಪ ಹಾಕಾಯ್ತು, ಮುಗೀತು. ಎಲ್ಲರೂ ಊಟಕ್ಕೆ ಏಳಿ," ಎಂದರು.

ಮೂವತ್ತೈದು ವರ್ಷದಲ್ಲಿ ಹಗಲು ಹೊತ್ತಲ್ಲಿ ದೀಪ ಹಾಕಿದ್ದು ಇದೇ ಮೊದಲಂತೆ. ಅತ್ತಿಗೆ ಒಳಗೆ ಪಿಸುಗುಟ್ಟಿದ್ದು ಕೇಳಿಸಿತು.

ಏಪ್ರಿಲ್ 20, ಸೋಮವಾರ

ಯಾರೂ ಏನೂ ಕೇಳುತ್ತಿಲ್ಲ. ಊಟ, ಮಾತ್ರೆ, ದಿಂಬು ಎಲ್ಲ ಹೊತ್ತಿಗೆ ಸರಿಯಾಗಿ ಬರುತ್ತಿವೆ. ಜಗಳವಾಡಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಹೆಂಡತಿ ಮಂಚದ ತುದಿಯಲ್ಲಿ ಕೂತು, "ಆ ಮೂರೂ ಬಿಟ್ಟು ಇನ್ನೊಂದಿದೆಯಾ?" ಎಂದಳು. ಕೇಳುವ ಮೊದಲು ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಕಡೆ ತಿರುಗಿದೆ.

ಒತ್ತಿರಲಿಲ್ಲ.

ಅವತ್ತು ನಾಲ್ಕನೇ ಮಹಡಿಯವರು ಬೇಗ ಬೇಗ ಎಂದು ತಲೆ ತಿನ್ನುತ್ತಿದ್ದರು. ಎರಡು ನಿಮಿಷದ ಕೆಲಸವೆಂದು ಮೇನ್ ಆರಿಸಿ ಇಳಿದೆ. ಸ್ವಿಚ್ ಒತ್ತಲಿಲ್ಲ, ಮೇನಿಗೆ 'ಕೆಲಸ ನಡೆಯುತ್ತಿದೆ' ಎಂಬ ಬೋರ್ಡ್ ತಗುಲಿಸಲಿಲ್ಲ, ಇಳಿಯುತ್ತಿದ್ದೇನೆಂದು ವಾಚ್‌ಮನ್ನನಿಗೆ ಒಂದು ಮಾತು ಹೇಳಲೂ ಇಲ್ಲ. ಕರೆಂಟ್ ಹೋಗಿದೆ ಎಂದು ಮೇಲಿನವರು ಕೂಗಿದರು, ಅವನು ಮೇನ್ ಹಾಕಿದ. ಹಾಕುವುದೇ ಅವನ ಕೆಲಸ.

ಏಪ್ರಿಲ್ 21, ಮಂಗಳವಾರ

ಸೂಪರ್‌ವೈಸರ್ ಬಂದು ಹೇಳಿಕೆ ಓದಿದರು: "ನಿದ್ರಿಸುತ್ತಿದ್ದ ವಾಚ್‌ಮನ್, ಫೋನಿನಲ್ಲಿ ಮಾತನಾಡುತ್ತಾ, ನನ್ನ ಕೂಗನ್ನು ಲಕ್ಷಿಸದೆ..." ಆಸ್ಪತ್ರೆಯಲ್ಲಿ ನಾನು ಅಷ್ಟೂ ಹೇಳಿದ್ದೆನೇ! ನಿದ್ದೆ ಮಾಡುವವನು ಫೋನಿನಲ್ಲಿ ಹೇಗೆ ಮಾತಾಡುತ್ತಾನೆಂದು ಕಂಪನಿಯಲ್ಲಿ ಒಬ್ಬರಿಗೂ ಅನಿಸಿಲ್ಲ. ಪೆನ್ನು ಕೈಗೆ ಕೊಟ್ಟರು.

ಅತ್ತೆ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಹೆಂಡತಿ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದ್ದು ಗೊತ್ತಾಯಿತು.

"ಸರ್, ಗುಂಡಿಯ ಸ್ವಿಚ್ಚು..." ಎಂದೆ. ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ.

"ಹೂಂ, ಆಮೇಲೆ?" ಎಂದರು ಅತ್ತೆ, ತಲೆ ಎತ್ತದೆ.

ಆಮೇಲಿನದೆಲ್ಲ ಹೇಳಿದೆ.

ಸೂಪರ್‌ವೈಸರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಸುಮ್ನೆ ಸೈನ್ ಹಾಕ್ರೀ. ಆ ವಾಚ್‌ಮನ್ ನಮ್ಮ ಕಂಪನಿಯವನೂ ಅಲ್ಲ. ಇದನ್ನ ನಾನು ಬರೆದ್ರೆ ನಿಮ್ಮನ್ನ ಒಬ್ಬರನ್ನೇ ಎಲ್ಲೂ ಕಳಿಸೋ ಹಾಗಿಲ್ಲ. ಹೊಸಬರ ಜೊತೆ ಮತ್ತೆ ತರಬೇತಿಗೆ ಕೂರಿಸ್ತಾರೆ. ಇಪ್ಪತ್ತು ವರ್ಷದ ಸರ್ವೀಸ್ ಇಟ್ಕೊಂಡು ಬೇಕಾ ನಿಮಗೆ?"

ಬೇಡ. ಯಾರಿಗೆ ಬೇಕು? ನಾನು ಕಲಿಸಿದ ಹುಡುಗರ ಪಕ್ಕದ ಬೆಂಚಿನಲ್ಲಿ ಕೂತು 'ಗುಂಡಿಗೆ ಇಳಿದ ಕೂಡಲೇ ಏನು ಮಾಡಬೇಕು' ಎಂದು ಕೇಳಿಸಿಕೊಳ್ಳುವುದು! ಆ ಕಾಗದದ ಹಿಂಬದಿಯಲ್ಲಿ ನಾನೇ ಬರೆದು ಸೈನ್ ಹಾಕಿದೆ. ಎರಡು ಕಡೆ ಅಕ್ಷರ ತಪ್ಪಾಯಿತು. ಷಡ್ಡಕ ನೋಡಿದರು, ತಿದ್ದಲಿಲ್ಲ.

ಸೂಪರ್‌ವೈಸರ್ ಕಾಫಿಯನ್ನೂ ಕುಡಿಯದೆ ಹೋದರು. ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ನನಗೇನೂ ಆಗಲಿಲ್ಲ.

ಏಪ್ರಿಲ್ 24, ಶುಕ್ರವಾರ

ವಾಚ್‌ಮನ್‌ಗೆ ಫೋನ್ ಮಾಡಿದೆ. ನಂಬರ್ ಹೆಂಡತಿಯ ಹತ್ತಿರ ಇತ್ತು, ಆಸ್ಪತ್ರೆಯಲ್ಲೇ ತೆಗೆದುಕೊಂಡಿದ್ದಳಂತೆ.

ನಾನು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು. ಕೊನೆಗೆ, "ಕಾಲು ಹೇಗಿದೆ?" ಎಂದರು.

"ವಾಸಿ ಆಗ್ತಿದೆ."

"ನಾನು ನಿದ್ದೆ ಮಾಡ್ತಿದ್ದೆ ಅಂತ ಇಡೀ ಕಟ್ಟಡ ಮಾತಾಡ್ತು ಸ್ವಾಮಿ. ಹದಿನಾರು ವರ್ಷದಲ್ಲಿ ಒಂದಿನ ಡ್ಯೂಟಿಯಲ್ಲಿ ಕಣ್ಣು ಮುಚ್ಚಿಲ್ಲ ನಾನು. ಮೊನ್ನೆ ವಾಪಸ್ ಬಾ ಅಂತ ಕರೆದ್ರು. ನಾನು ಹೋಗಿಲ್ಲ."

"ಯಾಕೆ?"

"ಕರೆದಿದ್ದು ಫೋನಲ್ಲಿ. ತೆಗೆದಿದ್ದು ಎಲ್ಲರ ಮುಂದೆ. ನೀವು ಈಗ ಹೇಳಿದ್ದನ್ನ ಬರೆದು ಗೇಟಿನ ಬೋರ್ಡಲ್ಲಿ ಹಾಕಿಸಿ. ಆಮೇಲೆ ಹೋಗ್ತೀನಿ."

ಇಟ್ಟುಬಿಟ್ಟರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ.

ನನಗೆ ರೇಗಿತು. ಅಷ್ಟೆಲ್ಲ ಹೇಳಿದ ಮೇಲೂ ಬೋರ್ಡು ಬೇಕಂತೆ ಬೋರ್ಡು! ಸಂಜೆಯವರೆಗೆ ಗೊಣಗಿದೆ. ಆಮೇಲೆ ಕಾಗದ ತೆಗೆದು ಬರೆದೆ, ದೊಡ್ಡ ಅಕ್ಷರದಲ್ಲಿ, ಅಲ್ಲಿನ ಮುದುಕರಿಗೂ ಕಾಣಬೇಕಲ್ಲ. ಷಡ್ಡಕನ ಹತ್ತಿರ ತಿದ್ದಿಸಿದೆ. ನಾಳೆ ಹೆಂಡತಿ ಹೋಗಿ ಅಂಟಿಸಿ ಬರುತ್ತಾಳೆ.

ಏಪ್ರಿಲ್ 26, ಭಾನುವಾರ

ವಾಚ್‌ಮನ್ ಇವತ್ತು ಬೆಳಿಗ್ಗೆ ಡ್ಯೂಟಿಗೆ ಬಂದರೆಂದು ಕಟ್ಟಡದವರು ಹೆಂಡತಿಗೆ ಹೇಳಿದರಂತೆ.

ತಿಂಡಿಯ ಹೊತ್ತಿಗೆ ಫಿಸಿಯೋ ಹುಡುಗಿ ಬಂದವಳು ಸ್ಟೀಲ್ ಡಬ್ಬಿಯ ಕಥೆ ಕೇಳಿ, "ಇದೇನ್ ಸರ್, ಒಳ್ಳೇ ಹುಚ್ಚು ಪದ್ಧತಿ!" ಎಂದು ನಕ್ಕಳು. ಹೊರಗಿನವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ನಿಯಮಗಳನ್ನು ಮೊದಲಿನಿಂದ ಬಿಡಿಸಿ ಹೇಳಿದೆ, ಆದರೂ ಯಾಕೆ ಎಂದೇ ಕೇಳುತ್ತಾಳೆ. ಮೊದಲಿಂದಲೂ ಹಾಗೇ ಎಂದು ಬಾಯಿ ಮುಚ್ಚಿಸಿದೆ.

ಷಡ್ಡಕನವರು ಮಧ್ಯಾಹ್ನದ ಬಸ್ಸಿಗೆ ಹೊರಟರು. ಒಂದು ವಾರದಿಂದ ಪಿಟೀಲು ನನ್ನ ಹತ್ತಿರ ಸುಳಿದಿರಲಿಲ್ಲ. ಕರೆದರೆ ಅವಳಮ್ಮನ ಹಿಂದೆ ನಿಲ್ಲುತ್ತಿದ್ದಳು. ನಾನು ಊರುಗೋಲು ಹಿಡಿದು ಬಾಗಿಲವರೆಗೆ ಹೋದೆ. ಅವಳು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು.

"ಅವತ್ತು ನೀನು ಹೇಳಿದ್ದು ತಪ್ಪಲ್ಲ ಕಣೇ. ನೀನು ಸರಿಯಾಗೇ ಹೇಳ್ದೆ. ನಾನೇ ಸರಿಯಾಗಿ ಹೇಳಿರಲಿಲ್ಲ," ಎಂದೆ.

ಅವಳು ದಾರ ಬಿಟ್ಟು ಯೋಚಿಸಿದಳು. "ಹಾಗಾದ್ರೆ ನಿಜವಾಗ್ಲೂ ಹೇಗಾಯ್ತು?"

ಕೂತುಕೊಳ್ಳಲು ಹತ್ತು ನಿಮಿಷ ಹಿಡಿಯಿತು, ಪ್ಲಾಸ್ಟರ್ ಕಾಲನ್ನು ಮೆಟ್ಟಿಲ ಮೇಲೆ ಚಾಚಿ ಅವಳ ಪಕ್ಕ ಕೂತು ಹೇಳಿದೆ. ಕೆಂಪು ಸ್ವಿಚ್, ನಾಲ್ಕನೇ ಮಹಡಿಯವರ ಅವಸರ, ಹೇಳದೆ ಇಳಿದದ್ದು. ಅವಳು ಪುಸ್ತಕ ತೆಗೆದು ಬರೆದುಕೊಂಡಳು. ಕೆಳಗಿನಿಂದ ಅವಳಪ್ಪ ಬಸ್ಸು ತಪ್ಪುತ್ತದೆಂದು ಕೂಗುತ್ತಿದ್ದರು.

"ಫಿಸಿಯೋ ಅಕ್ಕಂಗೂ ಇದನ್ನೇ ಹೇಳ್ತೀರಾ?"

"ಇದನ್ನೇ."

"ಮೇಷ್ಟ್ರಿಗೆ?"

"ಅವರಿಗೂ."

ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. "ಒಳ್ಳೇದಾಯ್ತು ಚಿಕ್ಕಪ್ಪ. ಮೂರು ನೆನಪಿಟ್ಕೊಳ್ಳೋದು ತುಂಬಾ ಕಷ್ಟ ಆಗಿತ್ತು," ಎಂದು ಎರಡೆರಡು ಮೆಟ್ಟಿಲು ಹಾರುತ್ತಾ ಇಳಿದು ಹೋದಳು.